ಬ್ರೇಕ್ ಮೇಷ್ಟ್ರ ಸೀಟು

ಮೇಷ್ಟ್ರ ತಮ್ಮ, ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಅರ್ಧ ಮೈ ತೂರಿಸಿ, ಡ್ರೈವರ್ ಪಕ್ಕದ ಸೀಟಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಗೇಣು ಹಾಕಿ ನೋಡುತ್ತಿದ್ದ. ಬೆರಳು ಪೂರ್ತಿ ಬಿಡಿಸಲೂ ಜಾಗವಿರಲಿಲ್ಲ. ಸೀಟನ್ನು ಯಾರೋ ತುದಿಯವರೆಗೆ ಮುಂದಕ್ಕೆ ಎಳೆದಿದ್ದರು. ಎರಡು ಏರ್‌ಬ್ಯಾಗುಗಳೂ ಹತ್ತಿ ತೆಗೆದ ದಿಂಬಿನ ಚೀಲಗಳಂತೆ ಜೋತುಬಿದ್ದಿದ್ದವು. ಹೊರಗೆ ಬಂಪರ್ ನಜ್ಜಾಗಿದ್ದು ಬಿಟ್ಟರೆ ಕಾರಿಗೆ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಒಂದೇ ಕಾರು, ಒಂದೇ ಹೊಡೆತ. ಓಡಿಸುತ್ತಿದ್ದ ಅತ್ತಿಗೆ ನಡೆದು ಮನೆಗೆ ಬಂದಳು. ಪಕ್ಕದಲ್ಲಿದ್ದ ಅಣ್ಣ ಈಗ ಒಳಗೆ ನಡುಮನೆಯಲ್ಲಿ ಹೆಣವಾಗಿ ಮಲಗಿದ್ದಾನೆ.

“ಅಲ್ಲಿ ಹೊರಡಿಸೋ ಹೊತ್ತಾಯ್ತು, ಇವನಿಗೆ ಕಾರಿನ ಚಿಂತೆ,” ಎಂದಳು ಬಾಗಿಲಲ್ಲಿ ನಿಂತ ಅಕ್ಕ.

“ಬೆಲ್ಟ್ ಹಾಕಿದ್ದ ಕಣೇ. ಆದ್ರೂ ಕುತ್ತಿಗೆ ಮುರೀತು. ಈ ಸೀಟನ್ನ ಹಿಂಗೆ ಎಳೆದಿದ್ದು ಯಾರು?”

“ಅಂದ್ರೆ, ಅವಳು ಅಂತೀಯಾ?”

“ನಾನೇನೂ ಅನ್ನಲ್ಲ. ಪೊಲೀಸರು ಬರ್ತಾರಲ್ಲ, ಕೇಳಿದ್ರೆ ಹೇಳ್ತೀನಿ.”

“ಹಗ್ಗವೋ ಹಾವೋ ನೋಡಿ ಆಮೇಲೆ ಕೂಗು.”

ಅವನ ಅನುಮಾನಕ್ಕೆ ಬೇರಿಲ್ಲದೆ ಇರಲಿಲ್ಲ. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ ಅಣ್ಣ ಹೆಂಡತಿಗೆ ಮಾತ್ರ ಕಲಿಸಲಿಲ್ಲ. “ನಿನಗೆ ಕಲಿಸಿದ್ರೆ ಮನೇಲೂ ನಾನು ಮೇಷ್ಟ್ರಾಗಬೇಕಾಗುತ್ತೆ” ಎಂದು ತೇಲಿಸಿಬಿಡುತ್ತಿದ್ದ. ಅವಳು ಹಟಕ್ಕೆ ಬಿದ್ದು ಅವನ ಡ್ರೈವಿಂಗ್ ಸ್ಕೂಲಿಗೆ ಎದುರಿದ್ದ ಇನ್ನೊಂದು ಸ್ಕೂಲಿಗೆ ಸೇರಿ ಕಲಿತಳು, ತನ್ನ ದುಡಿಮೆಯಲ್ಲಿ ಈ ಕಾರು ತಂದಳು. ತಿಂಗಳುಗಟ್ಟಲೆ ಗಂಡಹೆಂಡಿರು ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಅಣ್ಣ ಸೋತು ಅವಳ ಪಕ್ಕ ಕೂತ ಮೊದಲ ದಿನವೇ ಹೀಗಾಯಿತು.

ನಡುಮನೆಯಲ್ಲಿ ಅಣ್ಣನ ಹಳೆಯ ಶಿಷ್ಯೆ, ಆಸ್ಪತ್ರೆಯ ನರ್ಸು, ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದಳು: “ಬ್ರೇಕ್ ಮೇಷ್ಟ್ರ ಬೆನ್ನು ಸೀಟಿಗೆ ತಾಗಿದ್ದು ನಾನಂತೂ ನೋಡ್ಲಿಲ್ಲ. ಮೊಣಕಾಲು ಡ್ಯಾಶ್‌ಬೋರ್ಡಿಗೆ, ಮೂಗು ಗಾಜಿಗೆ. ಮಂಜು ಒರೆಸೋಕೆ ಬೇರೆ ಬಟ್ಟೆ ಬೇಡ ಅಂತಿದ್ವಿ.”

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿದ್ದ ತಮ್ಮ ನಗಲಿಲ್ಲ.

* * *

ಅವನೂ ಅಣ್ಣನ ಸ್ಕೂಲ್ ಕಾರಿನಲ್ಲೇ ಕಲಿತವನು. ಕಲಿಸುವವನ ಕಡೆಗೂ ಒಂದು ಬ್ರೇಕ್ ಇತ್ತು. ಅಣ್ಣ ಕುಳ್ಳ, ಕಾಲು ನಿಲುಕಲೆಂದು ಸೀಟನ್ನು ತುದಿಗೆ ಎಳೆದು, ಅದರ ಮೇಲೂ ಮುಂದಕ್ಕೆ ಬಾಗಿ ಕೂರುತ್ತಿದ್ದ.

“ಸ್ವಲ್ಪ ಒರಗಿ ಕೂತ್ಕೋ ಅಣ್ಣ. ನೀನು ಹಿಂಗೆ ಕೂತ್ರೆ ನನಗೆ ಆ ಕಡೆ ಕನ್ನಡಿ ಕಾಣಲ್ಲ.”

“ನೀನು ರಸ್ತೆ ನೋಡು. ನಿನ್ನ ನಂಬಿ ನಾನು ಒರಗಿದ್ರೆ ನನ್ನ ಕಾಲು ನಿದ್ದೆ ಮಾಡುತ್ತೆ.”

ಆ ಹಳೆಯ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ.

* * *

ಹಾಗಾದರೆ ಸೀಟು ಎಳೆದವನು ಅಣ್ಣನೇ. ಅತ್ತಿಗೆಯ ಕಾರಿನಲ್ಲಿ ಅವನ ಪಾಲಿಗೆ ಬ್ರೇಕ್ ಇರಲಿಲ್ಲ, ಆದರೂ ಕಾಲು ಹುಡುಕಿಕೊಂಡು ಹೋಗಿತ್ತು. ಏರ್‌ಬ್ಯಾಗ್ ರೆಪ್ಪೆ ಬಡಿಯುವುದಕ್ಕಿಂತ ಬೇಗ ಬಿಚ್ಚಿಕೊಳ್ಳುತ್ತದೆ. ಹಿಂದೆ ಸರಿದು ಕೂತವನಿಗೆ ಅದು ತುಂಬಿದ ದಿಂಬಾಗಿ ಸಿಗುತ್ತದೆ. ಅದರ ಬಾಯಿಯ ಮೇಲೆಯೇ ಬಾಗಿದವನಿಗೆ ಗುದ್ದು.

ಇಷ್ಟು ಬಗೆಹರಿದರೂ ಅನುಮಾನದ ಹುಳ ಸಾಯಲಿಲ್ಲ, ಜಾಗ ಬದಲಿಸಿತು, ಅಷ್ಟೆ. ಸ್ಮಶಾನದ ದಾರಿಯಲ್ಲಿ ಅತ್ತಿಗೆಯ ಪಕ್ಕಕ್ಕೆ ಬಂದು ಕೇಳಿದ:

“ಅತ್ತಿಗೆ, ಅದು ನೇರ ರಸ್ತೆ. ಎದುರಿಗೆ ಗಾಡಿ ಇರಲಿಲ್ಲ. ಕಾರು ಹೋಗಿ ಕಂಬಕ್ಕೆ ಹೆಂಗೆ ಹೊಡೀತು?”

“ಗೊತ್ತಿಲ್ಲ ಕಣೋ.”

ಅವಳು ಅವನ ಕಡೆ ನೋಡಲಿಲ್ಲ. ಸುಳ್ಳು ಹೇಳುವವರು ಹೀಗೇ ನೆಲ ನೋಡುತ್ತಾರೆ ಎಂದುಕೊಂಡ.

ಗುಂಡಿಯ ಬಳಿ ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಅತ್ತಿಗೆ ಮಣ್ಣು ತೆಗೆಯಲು ಬಾಗಿದಾಗ ಅವಳ ಬಿಳಿ ಅಂಗಿಯ ಎಡತೋಳು ಮೇಲೆ ಸರಿಯಿತು. ಮುಂಗೈಯ ಹಿಂಬದಿಯಿಂದ ಮೊಣಕೈವರೆಗೆ ಸುಟ್ಟಂತೆ ತರಚಿ ಕೆಂಪಾಗಿತ್ತು. ಅವನು ನೋಡುತ್ತಲೇ ನಿಂತ. ಸ್ಟೀರಿಂಗಿನ ಚೀಲ ತಗುಲಿದ್ದರೆ ಕೈಯ ಒಳಬದಿ ಕೆಂಪಾಗಬೇಕಿತ್ತು. ಇದು ಹಿಂಬದಿ, ಅದೂ ಅಣ್ಣನ ಕಡೆಯ ಕೈ; ಅವನ ಎದುರಿನ ಚೀಲ ಬಡಿದದ್ದು. ಆ ಗಳಿಗೆಯಲ್ಲಿ ಈ ಕೈ ಸ್ಟೀರಿಂಗಿನ ಮೇಲಿರಲೇ ಇಲ್ಲ. ಅಣ್ಣನ ಎದೆಯ ಮೇಲಿತ್ತು.

“ಅವನನ್ನ ಹಿಂದಕ್ಕೆ ತಳ್ತಿದ್ರಾ?” ಎಂದ, ಅವಳಿಗಷ್ಟೇ ಕೇಳುವ ಹಾಗೆ.

“ಮನೆಯಿಂದ ಹೇಳ್ತಾನೇ ಇದ್ದೆ, ಹಿಂದಕ್ಕೆ ಸರಿದು ಕೂತ್ಕೊಳ್ಳಿ ಅಂತ. ನೀನು ರಸ್ತೆ ನೋಡು ಅಂದ್ರು.” ಅವಳ ಮುಷ್ಟಿಯಿಂದ ಮಣ್ಣು ಉದುರುತ್ತಿತ್ತು. “ಸಿಟ್ಟು ಬಂತು. ಕೈ ತೆಗೆದು ತಳ್ಳಿದೆ. ರಸ್ತೆ ನೋಡ್ಲಿಲ್ಲ.”

ಗೇಟಿನ ಕಡೆಯಿಂದ ಪೊಲೀಸಿನವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಬಂದ.

“ತಮ್ಮ ಅಂದ್ರೆ ನೀವೇ ಅಲ್ವಾ? ಈ ಹೊತ್ತಲ್ಲಿ ಕೇಳಬಾರದು. ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?”

ಅತ್ತಿಗೆ ತಲೆ ಎತ್ತಿ ಅವನನ್ನೇ ನೋಡಿದಳು. ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಅತ್ತಿಗೆಯ ಎಡಗೈ ಹಿಡಿದು, ಗಾಯಕ್ಕೆ ತಾಗದ ಹಾಗೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಅದರ ಗುಂಡಿ ಹಾಕಿದ. ಬಿಳಿ ಬಟ್ಟೆಯ ಮೇಲೆ ಅವನ ಮಣ್ಣುಬೆರಳುಗಳು ಒಂದೊಂದಾಗಿ ಮೂಡಿದವು.