ಚಿತ್ರದೊಳಗಿನ ಹಸಿರು ಟೋಪಿ

ಸುಗ್ಗಿ ಮುಗಿದ ಮೇಲೆ ಚಿತ್ರಕಾರ ಲೋಮಾನ್, ಶ್ವಾಲ್ಮ್ ಎಂಬ ಹೊಳೆಯ ದಡದ ಆ ಮನೆಗೆ ಮತ್ತೆ ಬಂದ. ಹೋದ ವರ್ಷ ಅರ್ಧಕ್ಕೆ ಬಿಟ್ಟಿದ್ದ ಚಿತ್ರವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದಾಗ ಮುದುಕಿ ಓರ್ಟಿ ಗೋಡೆ ಹಿಡಿದುಕೊಂಡಳು. ಚಳಿಗಾಲದಲ್ಲಿ ಜ್ವರ ಬಂದು ತೀರಿಹೋದ ಅವಳ ಮಗ ಹೆನ್ನರ್, ಚಿತ್ರದಲ್ಲಿ ಬೆಂಚಿನ ಮೇಲೆ ಬಗ್ಗಿ ಕೂತು ಮಗುವಿನ ಗಂಜಿಯನ್ನು ಊದಿ ಆರಿಸುತ್ತಿದ್ದ.

ಎಂಥ ಕೈ ಆ ಚಿತ್ರಕಾರನದು! ಮಗನ ಉಬ್ಬಿದ ಕೆನ್ನೆ, ತೊಟ್ಟು ಚೆಲ್ಲದಂತೆ ಚಮಚದ ಕೆಳಗೆ ಹಿಡಿದ ಅಂಗೈ, ಬಾಯಿ ತೆರೆದು ಕಾಯುವ ಮಗು. ಕೊಟ್ಟು ಕಸಿದುಕೊಂಡ ದೇವರು ಇಷ್ಟನ್ನಾದರೂ ಉಳಿಸಿದನಲ್ಲ ಎಂದು ಮುದುಕಿ ಕೈ ಜೋಡಿಸಿದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಮಾತ್ರ ಇನ್ನೂ ಮುಖವಿರಲಿಲ್ಲ.

ಸೊಸೆ ಕಟ್ರೈನ್ ಒಳಗೆ ಬಂದಳು. ಆ ಸೀಮೆಯಲ್ಲಿ ಕನ್ಯೆಗೆ ಕೆಂಪು ಟೋಪಿ, ಗಂಡನಿರುವವಳಿಗೆ ಹಸಿರು. ಅವಳ ತಲೆಯ ಮೇಲಿದ್ದದ್ದು ವಿಧವೆಯ ಕಪ್ಪು.

"ಕಪ್ಪಲ್ಲೇ ಬರೀತೀನಿ ತಾಯಿ," ಎಂದ ಲೋಮಾನ್ ಮೆಲ್ಲಗೆ. "ಬೇಡಾಂದ್ರೆ ಗಿರಣಿ ಮನೆ ಸೊಸೇನ ಕೂರಿಸ್ತೀನಿ."

"ಕಂಡೋರ ಮನೆಯವಳು ನನ್ನ ಮಗನ ಪಕ್ಕ ಕೂರೋದಾ?"

"ಕಪ್ಪಲ್ಲೇ ಕೂರ್ತೀನಿ ಬಿಡಿ ಅತ್ತೆ," ಎಂದಳು ಕಟ್ರೈನ್.

"ಬದುಕಿರೋ ಗಂಡನ ಮುಂದೆ ಕಪ್ಪು ಟೋಪಿನಾ? ಆ ಚಿತ್ರದಲ್ಲಿ ಅವನು ಬದುಕಿದಾನೆ ಕಣೇ. ಇನ್ನೊಂದು ಸಲ ಅವನನ್ನ ಹೂಳಲ್ಲ ನಾನು."

ಓರ್ಟಿ ಪೆಟ್ಟಿಗೆ ತೆರೆದು ಹಸಿರು ಟೋಪಿ ತೆಗೆದಳು. ರೊಟ್ಟಿ ಹುದುಗಿಸಲು ಹುಳಿಹಿಟ್ಟು ಕೇಳಲು ಬಂದಿದ್ದ ನೆರೆಮನೆಯ ಗೇಲಾ ಬಾಗಿಲಲ್ಲೇ ಬಾಯಿ ಬಿಟ್ಟಳು.

"ಗಂಡ ಸತ್ತು ವರ್ಷ ತುಂಬಿಲ್ಲ, ಹಸಿರು ಟೋಪಿನಾ? ಪಾದ್ರಿಗಳ ಕಿವಿಗೆ ಬಿದ್ರೆ ಗತಿ ಏನೇ ಓರ್ಟಿ?"

"ನೀನಿರುವಾಗ ಬೀಳದೆ ಇರತ್ತಾ? ಹಿಟ್ಟು ಅಲ್ಲಿದೆ, ತಗೊಂಡು ನಡಿ. ಭಾನುವಾರ ನಾನೇ ಹೇಳ್ಕೋತೀನಿ, ದೇವರಿಗೂ, ಪಾದ್ರಿಗೂ."

ಆದರೂ ಸೊಸೆಯ ಗದ್ದದ ಕೆಳಗೆ ದಾರ ಕಟ್ಟುವಾಗ ಓರ್ಟಿ ಒಮ್ಮೆ ಕಣ್ಣು ಮುಚ್ಚಿದಳು. ತಪ್ಪಾದರೆ ನನ್ನ ತಲೆಗಿರಲಿ ತಂದೆ ಎಂದು ಬೇಡಿಕೊಂಡು ಗಂಟು ಬಿಗಿದಳು.

ಕಟ್ರೈನ್ ಮಗುವನ್ನು ಎತ್ತಿಕೊಂಡು ಕೂತಳು.

"ಗಂಡನ ಕಡೆ ನೋಡಮ್ಮ," ಎಂದ ಚಿತ್ರಕಾರ.

ಎದುರಿಗೆ ಬರಿದಾದ ಬೆಂಚು. ಅವಳ ಕಣ್ಣು ತುಂಬಿದವು, ಮುಖ ಕೆಳಗಾಯಿತು. ಲೋಮಾನ್ ಕುಂಚ ಇಳಿಸಿದ.

ಓರ್ಟಿ ಎದ್ದು ಹೋಗಿ ಮಗನ ಜಾಗದಲ್ಲಿ ಕೂತಳು. ಮಗುವಿನ ಬೋಗುಣಿಯಿಂದ ಒಂದು ಚಮಚ ಗಂಜಿ ತೆಗೆದು, ಕೆಳಗೆ ಅಂಗೈ ಒಡ್ಡಿದಳು.

"ಇಲ್ಲಿ ನೋಡೇ ಹುಡುಗಿ. ಅವನಿಗೆ ಊದೋದು ಕಲಿಸಿದ್ದು ಯಾರು ಅಂದ್ಕೊಂಡೆ?"

ಹಲ್ಲಿಲ್ಲದ ಬಾಯಿಯ ಎರಡೂ ಕೆನ್ನೆ ಉಬ್ಬಿಸಿ ಅವಳು ಊದಿದಳು. ಕಟ್ರೈನ್ ಅಳುತ್ತಲೇ ನಕ್ಕಳು. ಚಿತ್ರಕಾರ ಕುಂಚ ಎತ್ತಿ ಬರೆಯತೊಡಗಿದ.