‘ಸ್ಟೆಪ್ನಿ’ಯ ಮುಖಪುಟ

ಚಳ್ಳಕೆರೆಯ ಹೊನ್ನಕ್ಕ ಲಾರಿ ಸರ್ವೀಸಿಗೆ ಒಂದು ಮಾಸಪತ್ರಿಕೆಯೂ ಇತ್ತೆಂದರೆ ಈಗ ಯಾರೂ ನಂಬುವುದಿಲ್ಲ. ಹೆಸರು ‘ಸ್ಟೆಪ್ನಿ’. ತೊಂಬತ್ತೇಳರಲ್ಲಿ ಅದನ್ನು ಶುರುಮಾಡಿದವಳು ಬುಕಿಂಗ್ ಕ್ಲರ್ಕ್ ಶ್ರೀವಾಣಿ, ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಯಾರಿಗೆ ಮಗು ಹುಟ್ಟಿತು, ಯಾವ ಢಾಬಾದಲ್ಲಿ ಮುದ್ದೆ ಬಿಸಿಬಿಸಿ ಸಿಗುತ್ತದೆ, ಯಾವ ಕ್ಲೀನರ್ ನಿದ್ದೆಯಲ್ಲಿ ಹಾಡುತ್ತಾನೆ, ಎಲ್ಲವನ್ನೂ ಡ್ರೈವರುಗಳು ಹೇಳುತ್ತಿದ್ದರು. ಅವಳು ಬರೆದು, ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದಳು. ದಿನವಿಡೀ ಸರಕಿನ ರಸೀದಿ, ಬಿಲ್ಟಿ ಬರೆದು ಸೋತ ಕೈಗೆ ಅದೊಂದೇ ಹಬ್ಬ. ಮುಖಪುಟದಲ್ಲಿ ತಿಂಗಳಿಗೊಬ್ಬ ಡ್ರೈವರನ ಫೋಟೋ.

ಎಡವಟ್ಟಾದದ್ದು ಅಲ್ಲೇ. ಫೋಟೋ ಬಂದ ಮೊದಲಿಗನ ಲಾರಿ ತಳಕಿನ ಹತ್ತಿರ ಆಕ್ಸಲ್ ಮುರಿದುಕೊಂಡು ಕೂತಿತು. ಎರಡನೆಯವನ ಗೇರ್‌ಬಾಕ್ಸ್ ಹೋಯಿತು. ಮೂರನೆಯವನ ರೇಡಿಯೇಟರ್ ಒಡೆದ ಮೇಲಂತೂ ಶ್ರೀವಾಣಿ ಕ್ಯಾಮೆರಾ ಎತ್ತಿದರೆ ಸಾಕು, ಡ್ರೈವರುಗಳು ಲಾರಿಯಡಿಗೆ ನುಸುಳುತ್ತಿದ್ದರು.

"ಜುಲ್ಫಿಕರಣ್ಣ, ನೀನಾದ್ರೂ ನಿಂತ್ಕೊ."

"ಮೊನ್ನೆ ತಾನೆ ಇಂಜಿನ್ ಬಿಚ್ಚಿಸೀನಿ, ನನ್ ಮ್ಯಾಲೆ ಯಾಕಮ್ಮಾ ಕಣ್ಣು? ಬೇಕಾದ್ರೆ ನಮ್ಮತ್ತೆ ಫೋಟೋ ತಂದ್ಕೊಡ್ತೀನಿ, ಹಾಕ್ಕೊ!"

ಕೊನೆಗೆ ಮಾಲೀಕ ಬೊಮ್ಮಲಿಂಗಪ್ಪನವರೇ ರೇಗಿದರು. "ಎರಡು ತಿಂಗ್ಳಿಂದ ಬರೀ ಬೇವಿನ ಮರದ ಚಿತ್ರ ಐತೆ. ಈ ಸಲನೂ ನಮ್ಮೋರ ಮುಖ ಇಲ್ಲಾಂದ್ರೆ ಪತ್ರಿಕೆ ಬಂದ್ ಮಾಡ್ಬಿಡಮ್ಮ."

ಶ್ರೀವಾಣಿಗೆ ಅವತ್ತು ಅನ್ನ ಸೇರಲಿಲ್ಲ. ಗಾಡಿ ಕೆಟ್ಟರೂ ಬೇಜಾರಾಗದವರು ಈ ಲೋಕದಲ್ಲಿ ಯಾರಿದ್ದಾರೆ? ಹಾಗೆಂದುಕೊಳ್ಳುವಾಗಲೇ ಕಂಪನಿಯ ಶೆಡ್ಡಿನಿಂದ ಸುತ್ತಿಗೆಯ ಸದ್ದು ಕೇಳಿತು. ಎದ್ದವಳೇ ಮೆಕ್ಯಾನಿಕ್ ಚಾಂದ್ ಪಾಷನ ಮುಂದೆ ನಿಂತಳು.

"ಅರೆ, ಹಾಕು ಬೇಟಿ! ಗಾಡಿ ಕೆಟ್ರೆ ನಂಗೇನು ನಷ್ಟ? ನನ್ ರೊಟ್ಟಿನೇ ಅದು!" ಎಂದವನು ಸ್ಪ್ಯಾನರನ್ನು ಕತ್ತಿಯಂತೆ ಹಿಡಿದು ನಿಂತ.

ಸಂಚಿಕೆ ಬಂತು. ಆ ತಿಂಗಳು ಒಂದು ಲಾರಿಯಾದರೂ ಕೆಡಬೇಕಲ್ಲ! ಪಂಕ್ಚರ್ ಕೂಡ ಆಗಲಿಲ್ಲ. ಚಾಂದ್ ಪಾಷ ಸ್ಟೂಲಿನ ಮೇಲೆ ಕೂತು ನೊಣ ಹೊಡೆದ. ಹೆಂಡತಿ ಚಮನ್ ಬೀ, "ಖಾಲಿ ಕೂರೋ ಬದ್ಲು ಬೆಳ್ಳುಳ್ಳಿನಾದ್ರೂ ಸುಲಿರಿ" ಎಂದು ಬುಟ್ಟಿಯನ್ನೇ ಶೆಡ್ಡಿಗೆ ಕಳಿಸಿದಳು. ತಿಂಗಳ ಕೊನೆಗೆ ಅವನು ಆಫೀಸಿಗೆ ನುಗ್ಗಿದ.

"ನನ್ ಮುಖ ತೆಗಿ ಬೇಟಿ! ಮುಂದಿನ್ ಸಲ ಈ ಜುಲ್ಫಿಕರ್‌ನ ಹಾಕು."

ಜುಲ್ಫಿಕರ್ ಬಾಗಿಲಿಗೇ ಅಡ್ಡ ನಿಂತ. "ಏ, ಆಗಲ್ಲ ಚಾಚಾ! ವರ್ಷ ಪೂರ್ತಿ ನೀವೇ ನಮ್ ಹೀರೋ."

ಒಳಗಿನಿಂದ ಬೊಮ್ಮಲಿಂಗಪ್ಪನವರು ಕೂಗಿದರು: "ಶ್ರೀವಾಣಿ, ರಿಪೇರಿ ಖರ್ಚೇ ಬಂದಿಲ್ಲ ಕಣಮ್ಮ! ಪತ್ರಿಕೆ ನಡೀಲಿ. ಮುಂದಿನ್ ಸಲ ಚಾಂದ್ ಪಾಷನ ಫೋಟೋ ಬಣ್ಣದಾಗೇ ಹಾಕ್ಸು!"

ಹೊರಟಿದ್ದ ಚಾಂದ್ ಪಾಷ ಹೊಸಿಲಲ್ಲಿ ನಿಂತ.

"ಬಣ್ಣದ್ದಾ?" ಎಂದು ಗಡ್ಡ ಸವರಿಕೊಂಡ. "ಹಂಗಾದ್ರೆ ತಡಿ ಬೇಟಿ, ಮೆಹಂದಿ ಹಚ್ಕೊಂಡು ಬರ್ತೀನಿ."