ಪ್ಯಾಕಪ್ ಆದ ಮೇಲೆ ತೆಗೆಯುವ ಹಾರ

ನಾನು ಒಂದು ಫೋಟೊ. ಸತ್ತವರ ಫೋಟೊ ಎಂದು ಲಕ್ಷಾಂತರ ಜನ ನಂಬಿದ್ದಾರೆ, ನಂಬಲಿ ಬಿಡಿ. ನನಗೆ ಚೌಕಟ್ಟು ಹಾಕುತ್ತಿದ್ದ ಹೊತ್ತಿಗೆ ನನ್ನೊಳಗಿನ ಮನುಷ್ಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು.

ಅವರು ನೀಲಕಂಠಪ್ಪ, ಗದಗಿನ ಕಡೆಯ ಹಳೆಯ ನಾಟಕ ಕಂಪನಿ ನಟ. ನಮ್ಮ ಧಾರಾವಾಹಿಯಲ್ಲಿ ದೊಡ್ಡ ಮನೆಯ ಯಜಮಾನ. ನಾನೂರ ಹನ್ನೆರಡನೇ ಕಂತಿನ ಹೊತ್ತಿಗೆ ಮಂಡಿ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಕೇಳಿದರು. ಕಥೆ ಬರೆಯುವವರು ರಜೆಯ ಬದಲು ಯಜಮಾನನಿಗೆ ಹೃದಯಾಘಾತ ಕೊಟ್ಟರು. ಮೊದಲ ಕಂತಿನಲ್ಲಿ ಅವರು ನಕ್ಕಿದ್ದ ಚಿತ್ರವನ್ನು ದೊಡ್ಡದು ಮಾಡಿ, ಸೆಟ್ಟಿನ ಹಜಾರದ ಗೋಡೆಗೆ ನನ್ನನ್ನು ತೂಗುಹಾಕಿದರು. ಸಾಮಾನು ನೋಡಿಕೊಳ್ಳುವ ಮರಿಸ್ವಾಮಿ ಗಂಧದ ಹಾರ ಹಾಕಿದ.

ನಮ್ಮ ಮನೆಗೆ ಮೂರೇ ಗೋಡೆ, ಸೂರಿಲ್ಲ. ಲೈಟಿನವರು ಬಂದ ಮೇಲೆ ಬೆಳಗಾಗುತ್ತದೆ. ಒಂದೇ ಸೀಮಂತ ಮೂರು ವಾರ ನಡೆದರೂ ಮುಡಿದ ಹೂವು ಬಾಡುವುದಿಲ್ಲ. ಸೊಸೆಯರೆಲ್ಲ ನನ್ನ ಮುಂದೆ ಬಂದು ಅಳುತ್ತಾರೆ. ಪಾಯಸಕ್ಕೆ ವಿಷ ಬೆರೆಸಿದವಳೂ "ಮಾವ, ನೀವಿದ್ದಿದ್ರೆ..." ಎನ್ನುತ್ತಾಳೆ. ನಾನು ನಗುತ್ತಿರುತ್ತೇನೆ, ನನಗೆ ಬೇರೆ ಮುಖ ಕೊಟ್ಟಿಲ್ಲವಲ್ಲ.

ಒಂದು ದಿನ ನೀಲಕಂಠಪ್ಪನವರ ಹೆಂಡತಿ ಗಿರಿಜವ್ವ ಬಂದರು. ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟರು.

"ಜೀವಂತ ಮನಷ್ಯಾಗ ಮಾಲಿ ಹಾಕೀರಲ್ರೀ! ತಗೀರಿ ಮೊದ್ಲ."

ನಿರ್ದೇಶಕರು ಕೈಮುಗಿದರು. "ಅಮ್ಮಾ, ಹಾರ ತೆಗೆದ್ರೆ ಯಜಮಾನ್ರು ಬದುಕಿ ಬರ್ತಾರೆ ಅಂತ ನೋಡೋರು ಕಾಯ್ತಾರೆ. ಸೀರಿಯಲ್ ಮುಗಿಯೋವರೆಗೂ..."

"ಯಾವಾಗ ಮುಗೀತೈತಿ?"

ಅದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮರಿಸ್ವಾಮಿ ಬಾಯಿಬಿಟ್ಟ. "ಅಕ್ಕಾ, ಶಾಟ್ ಇದ್ದಾಗ ಮಾತ್ರ ಹಾಕ್ತೀನಿ. ಪ್ಯಾಕಪ್ ಅಂದ ತಕ್ಷಣ ತೆಗೀತೀನಿ. ನನ್ನ ಮಕ್ಕಳಾಣೆ."

ಅಂದಿನಿಂದ ದಿನಾ ಸಂಜೆ ಗಿರಿಜವ್ವನ ಫೋನು. "ತಗದಿಯೇನಪಾ?" "ತೆಗ್ದೆ ಅಕ್ಕಾ." ಆಮೇಲೆ ಬರಿದಾದ ಹಜಾರದಲ್ಲಿ ನಾನು ಹಗುರವಾಗಿ ತೇಲುತ್ತಿದ್ದೆ. ಗೋಡೆಯಿಂದಿಳಿದು, ಮೆಟ್ಟಿಲ ಮೇಲೆ ಕೂತು, ಯಾರದೋ ಕೈಯಿಂದ ಕಾಫಿ ಇಸಿದುಕೊಂಡ ಹಾಗೆಲ್ಲ ಅನಿಸುತ್ತಿತ್ತು.

ಎರಡು ಸಾವಿರ ಕಂತು ದಾಟಿತು. ಹಿರಿಸೊಸೆಯ ಮುಖ ಮೂರು ಸಲ ಬದಲಾಯಿತು. ಸೀಮಂತದಲ್ಲಿ ಹೊಟ್ಟೆಯೊಳಗಿದ್ದ ಕೂಸು ಒಂದು ಸೋಮವಾರ ಇದ್ದಕ್ಕಿದ್ದಂತೆ ಕಾಲೇಜಿಗೆ ಹೊರಟಿತು. ಸಂಜೆಯ ಧಾರಾವಾಹಿಯನ್ನು ಊರೆಲ್ಲ ಮಲಗುವ ಮಧ್ಯಾಹ್ನಕ್ಕೆ ತಳ್ಳಿದರು. ದುಡ್ಡು ಸಾಲದೆಂದು ತೋಟದ ಸೆಟ್ಟು ಹೋಯಿತು, ಅಡುಗೆಮನೆ ಹೋಯಿತು, ಕಥೆಯೆಲ್ಲ ನನ್ನ ಕಣ್ಣೆದುರಿನ ಹಜಾರಕ್ಕೆ ಬಂದು ಕೂತಿತು. ನೀಲಕಂಠಪ್ಪನವರಿಗೆ ಬೇರೆ ಯಾರೂ ಪಾತ್ರ ಕೊಡಲಿಲ್ಲ. ತರಕಾರಿ ಅಂಗಡಿಯಲ್ಲಿ ಅವರನ್ನು ಕಂಡವರು ಬೆಚ್ಚಿಬೀಳುತ್ತಿದ್ದರಂತೆ. ಇದು ಮುಗಿಯಲಿ ಎಂದು ಗಿರಿಜವ್ವ ದೇವರಿಗೆ ಹರಕೆ ಹೊತ್ತಿದ್ದರು. ಮುಗಿಯದಿರಲಿ ಎಂದು ಇದನ್ನೇ ನಂಬಿ ಬದುಕುವ ಇಲ್ಲಿನ ಅರವತ್ತು ಜನ ಹೊತ್ತಿದ್ದರು. ನನಗೆ ಎರಡೂ ಕಡೆಯವರ ಮೇಲೆ ಕನಿಕರ.

ಹೋದ ಶ್ರಾವಣದಲ್ಲಿ ಒಂದು ಸಂಜೆ ಫೋನು ಬರಲಿಲ್ಲ. ಮಾರನೇ ದಿನವೂ ಇಲ್ಲ. ಮರಿಸ್ವಾಮಿ ಮಾಡಿದರೆ ಆ ಕಡೆ ಎತ್ತುವವರಿಲ್ಲ.

ಹದಿನೈದನೇ ದಿನ ನೀಲಕಂಠಪ್ಪನವರೇ ಕೋಲೂರಿಕೊಂಡು ಬಂದರು. ನನ್ನ ಕೆಳಗೆ ನಿಂತರು.

"ಗಿರಿಜಾ ಹೋದ್ಲಪಾ. ಮಲಕೊಂಡಾಕಿ ಏಳ್ಲೇ ಇಲ್ಲ."

ನಗುಮುಖದವನಾಗಿ ಹುಟ್ಟಿದ್ದಕ್ಕೆ ನನಗೆ ಮೊದಲ ಸಲ ನಾಚಿಕೆಯಾಯಿತು. ಅವರು ನನ್ನನ್ನೇ ನೋಡುತ್ತ ಮರಿಸ್ವಾಮಿಗೆ ಹೇಳಿದರು, "ಇನ್ನ ಆ ಮಾಲಿ ತಗೀಬ್ಯಾಡ. ದಿನಾ ಯಾಕ ತ್ರಾಸ? ಇದ್ರೂ ನಡೀತೈತಿ."

ಅಷ್ಟರಲ್ಲಿ ನಿರ್ದೇಶಕರು ಪ್ಯಾಕಪ್ ಎಂದರು. ಮರಿಸ್ವಾಮಿ ಸ್ಟೂಲು ಹತ್ತಿ, ಹಾರ ತೆಗೆದ.

"ಬ್ಯಾಡ ಅಂದ್ನೆಲ್ಲ?"

"ಅಕ್ಕಂಗೆ ಕೊಟ್ಟ ಮಾತು ಸಾರ್. ನೀವು ಹೇಳಿದ್ರೆ ಬಿಡಕ್ಕಾಗಲ್ಲ."

ಧಾರಾವಾಹಿ ಇನ್ನೂ ಮುಗಿದಿಲ್ಲ. ನನ್ನ ಬಣ್ಣ ಮಾಸಿದೆ, ಗಾಜಿನ ಮೂಲೆಗೆ ತೇವ ಹಿಡಿದಿದೆ. ಈಗ ಸಂಜೆ ಮರಿಸ್ವಾಮಿಯೇ ನೀಲಕಂಠಪ್ಪನವರಿಗೆ ಫೋನು ಮಾಡುತ್ತಾನೆ. "ತೆಗ್ದೆ ಸಾರ್" ಎನ್ನುತ್ತಾನೆ. ಒಮ್ಮೊಮ್ಮೆ ಆ ಕಡೆಯಿಂದ ಮಾತು ಬರುವುದು ತಡವಾಗುತ್ತದೆ. ಅಷ್ಟು ಹೊತ್ತು ಅವನು ತೆಗೆದ ಹಾರ ಹಿಡಿದು ಸ್ಟೂಲಿನ ಮೇಲೆ, ನಾನು ಗೋಡೆಯ ಮೇಲೆ, ಇಬ್ಬರೂ ಕಾಯುತ್ತೇವೆ.